ಕೈ, ಮಾತು, ಲೆಕ್ಕ: ಯಾವುದು ನಿಂತರೆ ಮಿದುಳಿನಲ್ಲಿ ಎಲ್ಲಿ ಕೆಟ್ಟಿದೆ?

ಮುಂಬಯಿಯ ಸಯಾನ್ ಅಥವಾ ಪರೇಲಿನ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಲಕ್ವ ಹೊಡೆದವರನ್ನು ಕರೆತಂದಾಗ ಡಾಕ್ಟರು ಕೇಳುವ ಪ್ರಶ್ನೆಗಳು ಮನೆಯವರಿಗೆ ವಿಚಿತ್ರವಾಗಿ ಕಾಣುತ್ತವೆ. ಇವರು ಸರಿಯಾಗಿದ್ದುದನ್ನು ಕೊನೆಯ ಸಲ ಯಾರು ನೋಡಿದ್ದು, ಎಷ್ಟು ಗಂಟೆಗೆ? ಬರೆಯುವುದು ಯಾವ ಕೈಯಲ್ಲಿ? ಮನೆಯಲ್ಲಿ ಯಾವ ಭಾಷೆ? ಬಾಯಿ ಸೊಟ್ಟಗಾಗಿ ಮಲಗಿದವರ ಎದುರು ನಿಂತು ಭಾಷೆ ಯಾವುದೆಂದು ಕೇಳುತ್ತಾರಲ್ಲ ಎಂದು ಸಿಟ್ಟೂ ಬರುತ್ತದೆ. ಆದರೆ ಇವುಗಳಲ್ಲಿ ಒಂದು ಪ್ರಶ್ನೆಯೂ ದಂಡವಲ್ಲ. ಮಿದುಳಿನ ಯಾವ ಜಾಗ ಏನು ಮಾಡುತ್ತದೆ, ಆ ಜಾಗಕ್ಕೆ ರಕ್ತ ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದವರು, ನಿಂತುಹೋದ ಕೆಲಸವನ್ನು ನೋಡಿಯೇ ಕೆಟ್ಟ ಜಾಗವನ್ನು ಹೆಚ್ಚುಕಡಿಮೆ ಹೇಳಬಲ್ಲರು. ಸ್ಕ್ಯಾನ್ ಆಮೇಲೆ ಅದನ್ನು ಖಚಿತಪಡಿಸುತ್ತದೆ. ಹಾಗಾಗಿ ಏನು ನಿಂತಿತು, ಯಾವ ಕ್ರಮದಲ್ಲಿ ನಿಂತಿತು ಎಂದು ಕರಾರುವಾಕ್ಕಾಗಿ ಹೇಳಬಲ್ಲ ಮನೆಯವರಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ಮಿದುಳನ್ನೇ ನೋಡೋಣ. ವಯಸ್ಕರಲ್ಲಿ ಅದರ ತೂಕ ಸುಮಾರು 1,300ರಿಂದ 1,400 ಗ್ರಾಂ. ಕಾಲೇಜಿನ ಗಾಜಿನ ಜಾಡಿಯಲ್ಲಿ ಕಾಣುವ ಮಿದುಳು ಫಾರ್ಮಲಿನ್‌ನಲ್ಲಿ ಬಿಗಿದುಕೊಂಡದ್ದು. ಜೀವಂತ ಮಿದುಳು ಗಟ್ಟಿ ಮೊಸರಿನಷ್ಟು ಮೆದು, ಮೇಜಿನ ಮೇಲಿಟ್ಟರೆ ತನ್ನ ಭಾರಕ್ಕೆ ತಾನೇ ಕುಸಿಯುವಂಥದ್ದು. ಬುರುಡೆಯೊಳಗೆ ಅದು ಕುಸಿಯದಿರುವುದು ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುವುದರಿಂದ. ಯಾವುದೇ ಹೊತ್ತಿನಲ್ಲಿ ಈ ದ್ರವ ಇರುವುದು 150 ಮಿಲಿಲೀಟರಿನಷ್ಟು. ದಿನಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ಅಂದರೆ ದಿನಕ್ಕೆ ಮೂರು ಸಲಕ್ಕೂ ಮಿಕ್ಕಿ ಹಳೆಯದು ರಕ್ತಕ್ಕೆ ಇಳಿದು ಹೊಸದು ತುಂಬುತ್ತದೆ. ಇಳಿಯುವ ದಾರಿ ಕಟ್ಟಿಕೊಂಡರೆ ಒಳಗಿನ ಕುಹರಗಳು ಉಬ್ಬಿ ಮಿದುಳನ್ನು ಒತ್ತುತ್ತವೆ.

ನರಕೋಶಗಳು ಒಟ್ಟು 8,600 ಕೋಟಿಯಷ್ಟು. ಇವುಗಳಲ್ಲಿ ಸುಮಾರು 6,900 ಕೋಟಿ ಇರುವುದು ತಲೆಯ ಹಿಂಬದಿಯ ಕಿರುಮಿದುಳಿನಲ್ಲಿ. ಅದರ ತೂಕವಾದರೋ ಇಡೀ ಮಿದುಳಿನ ಹತ್ತರಲ್ಲೊಂದು ಪಾಲು. ಯೋಚನೆ, ಮಾತು, ಲೆಕ್ಕ ಎಂದು ನಾವು ಹೆಮ್ಮೆಪಡುವುದೆಲ್ಲ ನಡೆಯುವ ದೊಡ್ಡ ಮಿದುಳಿನ ಹೊರಪದರದಲ್ಲಿರುವುದು 1,600 ಕೋಟಿ ಮಾತ್ರ. ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ಆ ಬೂದು ಪದರ ಮಡಚಿ ಮಡಚಿ ಕೂತಿದೆ. ಅದರ ಕೆಳಗಿನ ಬಿಳಿಯ ಭಾಗವೆಲ್ಲ ಒಂದು ಜಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ನರತಂತುಗಳು. ಈ ತಂತುಗಳ ಮಾತನ್ನು ನೆನಪಿನಲ್ಲಿಡಿ; ಮಿದುಳಿನ ತೊಂದರೆಗಳಲ್ಲಿ ಎಷ್ಟೋ ಸಲ ಕೆಡುವುದು ಕೇಂದ್ರವಲ್ಲ, ದಾರಿ.

ಬುರುಡೆಗೂ ಮಿದುಳಿಗೂ ನಡುವೆ ಮೂರು ಪೊರೆಗಳಿವೆ. ಹೊರಗಿನ ದಪ್ಪ ಪೊರೆ ಡ್ಯೂರಾ. ಪುಣೆಯಲ್ಲಿ ದ್ವಿಚಕ್ರದವರು ಹೆಲ್ಮೆಟ್ಟನ್ನು ತಲೆಗೆ ಹಾಕದೆ ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗುವುದನ್ನು ನೋಡಿದಾಗ ನೆನಪಾಗಬೇಕಾದದ್ದು ಈ ಪೊರೆಯೇ. ಕಣತಲೆಯ ಎಲುಬು ಬುರುಡೆಯಲ್ಲೇ ತೆಳ್ಳಗಿನದು, ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹಾದುಹೋಗುತ್ತದೆ. ಬಿದ್ದಾಗ ಎಲುಬು ಸೀಳಿ ನಾಳ ಹರಿದರೆ ರಕ್ತ ಬುರುಡೆಗೂ ಡ್ಯೂರಾಕ್ಕೂ ನಡುವೆ ಸೇರುತ್ತ ಹೋಗುತ್ತದೆ. ಬಿದ್ದವನು ಎದ್ದು, ಮೈ ಕೊಡವಿಕೊಂಡು, ‘ಏನೂ ಆಗಿಲ್ಲ’ ಎಂದು ಚಹಾ ಕುಡಿದು ಮನೆಗೂ ಹೋಗಬಹುದು. ಕೆಲವು ಗಂಟೆಗಳ ಬಳಿಕ ತಲೆನೋವು ಏರುತ್ತದೆ, ವಾಂತಿಯಾಗುತ್ತದೆ, ಮಂಪರು ಕವಿಯುತ್ತದೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುತ್ತದೆ. ಆಗ ಉಳಿದಿರುವ ಸಮಯ ತೀರ ಕಡಿಮೆ. ವಯಸ್ಸಾದವರಲ್ಲಿ ಇದರ ನಿಧಾನದ ರೂಪವೊಂದಿದೆ: ಮಿದುಳು ಕುಗ್ಗಿದಂತೆ ಅದನ್ನೂ ಡ್ಯೂರಾವನ್ನೂ ಜೋಡಿಸುವ ಸಣ್ಣ ಅಭಿಧಮನಿಗಳು ಎಳೆದುಕೊಂಡಿರುತ್ತವೆ, ಬಚ್ಚಲಲ್ಲಿ ಜಾರಿ ತಲೆ ತಾಗಿದಷ್ಟಕ್ಕೇ ಹರಿಯುತ್ತವೆ. ರಕ್ತ ವಾರಗಟ್ಟಲೆ ಒಸರುತ್ತದೆ. ನಡಿಗೆ ತಪ್ಪುವುದು, ಮರೆವು, ದಿನವಿಡೀ ತೂಕಡಿಕೆ ಇವನ್ನೆಲ್ಲ ಮನೆಯವರು ಅರಳುಮರಳು ಎಂದು ಬಿಟ್ಟುಬಿಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಪಾಯ ಇನ್ನೂ ಹೆಚ್ಚು. ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವ, ಸಾಮಾನ್ಯವಾಗಿ ಬುರುಡೆಯಲ್ಲಿ ರಂಧ್ರ ಕೊರೆದು ತೆಗೆಯಬಹುದಾದ ತೊಂದರೆ ಇದು. ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟರೆ ಹೊಟ್ಟೆಯುರಿಯುತ್ತದೆ.

ರಕ್ತ ಮತ್ತು ಗಡಿಯಾರ

ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು, ನಾವು ಸುಮ್ಮನೆ ಕೂತಿರುವಾಗಲೂ ದೇಹ ಬಳಸುವ ಆಮ್ಲಜನಕದ ಶೇಕಡಾ 20ರಷ್ಟನ್ನು ತಾನೇ ಉಪಯೋಗಿಸುತ್ತದೆ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸು ಬೇಕು, ಕೂಡಿಡುವ ಉಗ್ರಾಣ ಇಲ್ಲವೆಂದೇ ಹೇಳಬೇಕು. ರಕ್ತ ಪೂರ್ತಿ ನಿಂತರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ.

ಈ ರಕ್ತ ಬರುವುದು ನಾಲ್ಕು ನಾಳಗಳಲ್ಲಿ. ಕತ್ತಿನ ಮುಂಬದಿಯಲ್ಲಿ ಬೆರಳಿಟ್ಟರೆ ಮಿಡಿಯುವ ಎರಡು ಕೆರಾಟಿಡ್‌ಗಳು. ಕತ್ತಿನ ಮೂಳೆಗಳ ತೂತುಗಳೊಳಗೆ ತೂರಿಕೊಂಡು ಮೇಲೇರುವ ಎರಡು ವರ್ಟೆಬ್ರಲ್‌ಗಳು. ಮಿದುಳಿನ ತಳದಲ್ಲಿ ಇವೆಲ್ಲ ಸೇರಿ ಒಂದು ಉಂಗುರವಾಗುತ್ತದೆ. 1664ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಥಾಮಸ್ ವಿಲಿಸ್‌ನ ಹೆಸರಿನಲ್ಲೇ ಇಂದಿಗೂ ಕರೆಯುತ್ತಾರೆ. ಒಂದು ನಾಳ ನಿಧಾನವಾಗಿ ಕಟ್ಟಿಕೊಂಡರೆ ಉಂಗುರದ ಮೂಲಕ ಬೇರೆ ಕಡೆಯ ರಕ್ತ ಹರಿದುಬಂದು ಕಾಪಾಡುತ್ತದೆ. ಆದರೆ ಎಲ್ಲರಲ್ಲೂ ಈ ಉಂಗುರ ಪೂರ್ತಿಯಾಗಿರುವುದಿಲ್ಲ. ಒಂದೇ ನಾಳ ಕಟ್ಟಿದರೂ ಒಬ್ಬರಿಗೆ ಏನೂ ಆಗದೆ ಇನ್ನೊಬ್ಬರಿಗೆ ಅರ್ಧ ಮೈ ಬಿದ್ದುಹೋಗುವುದಕ್ಕೆ ಇದೂ ಒಂದು ಕಾರಣ.

100 ಗ್ರಾಂ ಮಿದುಳಿಗೆ ನಿಮಿಷಕ್ಕೆ 50 ಮಿಲಿಲೀಟರಿನಷ್ಟು ರಕ್ತ ಬರಬೇಕು. ಅದು 20ರ ಆಸುಪಾಸಿಗೆ ಇಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಸಾಯುವುದಿಲ್ಲ. 10ಕ್ಕೆ ಇಳಿದರೆ ಬೇಗನೆ ಸಾಯುತ್ತದೆ. ಒಂದು ನಾಳಕ್ಕೆ ಹೆಪ್ಪು ಸಿಕ್ಕಿಕೊಂಡಾಗ ನಡುವೆ ಸತ್ತ ಭಾಗ, ಅದರ ಸುತ್ತ ಕೆಲಸ ನಿಲ್ಲಿಸಿ ಕಾಯುತ್ತಿರುವ ಜೀವಂತ ಭಾಗ, ಹೀಗೆ ಎರಡು ವಲಯಗಳಾಗುತ್ತವೆ. ಕೈ ಪೂರ್ತಿ ಬಿದ್ದಿದೆ ಎಂದ ಮಾತ್ರಕ್ಕೆ ಆ ಜಾಗವೆಲ್ಲ ಸತ್ತಿದೆ ಎಂದಾಗುವುದಿಲ್ಲ. ದೊಡ್ಡ ನಾಳ ಕಟ್ಟಿ ಚಿಕಿತ್ಸೆ ಸಿಗದಿದ್ದರೆ ಸರಾಸರಿ ನಿಮಿಷಕ್ಕೆ 19 ಲಕ್ಷ ನರಕೋಶಗಳು ಹೋಗುತ್ತವೆ ಎಂಬ ಅಂದಾಜು ಇದೆ. ಔಷಧ, ಆಪರೇಷನ್ ಎಲ್ಲ ಇರುವುದು ಕಾಯುತ್ತಿರುವ ಆ ಎರಡನೆಯ ವಲಯವನ್ನು ಉಳಿಸಿಕೊಳ್ಳಲಿಕ್ಕೆ.

ಹಾಗಾಗಿಯೇ ಗಂಟೆಯ ಪ್ರಶ್ನೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ಆಲ್ಟೆಪ್ಲೇಸ್ ಆದರೆ ಪ್ರತಿ ಕಿಲೋ ತೂಕಕ್ಕೆ 0.9 ಮಿಲಿಗ್ರಾಂ, ಗರಿಷ್ಠ 90. ಅಂದರೆ 60 ಕಿಲೋದವರಿಗೆ 54 ಮಿಲಿಗ್ರಾಂ: 5.4 ಒಂದು ನಿಮಿಷದಲ್ಲಿ, ಉಳಿದ 48.6 ಒಂದು ಗಂಟೆಯ ಡ್ರಿಪ್ಪಿನಲ್ಲಿ. ತೂಕ ಎಷ್ಟೆಂದು ಡಾಕ್ಟರು ಕೇಳುವುದು ಇದಕ್ಕೆ. ದೊಡ್ಡ ನಾಳದ ಹೆಪ್ಪಾದರೆ ತೊಡೆಸಂದಿನಿಂದ ತೆಳು ನಳಿಕೆ ತೂರಿಸಿ ಹೊರಗೆಳೆಯುತ್ತಾರೆ. ಅದಕ್ಕೆ ಆರು ಗಂಟೆಯ ಮಿತಿ. ಸ್ಕ್ಯಾನಿನಲ್ಲಿ ಜೀವಂತ ಭಾಗ ಸಾಕಷ್ಟು ಕಂಡರೆ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಗಂಟೆ ಎಣಿಸಬೇಕಾದದ್ದು ತೊಂದರೆ ಕಣ್ಣಿಗೆ ಬಿದ್ದಾಗಿನಿಂದಲ್ಲ, ಕೊನೆಯ ಸಲ ಸರಿಯಾಗಿದ್ದಾಗಿನಿಂದ. ಹೋಟೆಲಿನ ಅಟ್ಟದಲ್ಲಿ ರಾತ್ರಿ ಹನ್ನೆರಡಕ್ಕೆ ಮಲಗಿದವರು ಬೆಳಿಗ್ಗೆ ಐದಕ್ಕೆ ಏಳುವಾಗ ಕೈ ಬರುತ್ತಿಲ್ಲವೆಂದರೆ ಲೆಕ್ಕ ಶುರುವಾಗುವುದು ಹನ್ನೆರಡರಿಂದ. ನಡುವೆ ಮೂರು ಗಂಟೆಗೆ ಶೌಚಕ್ಕೆ ಎದ್ದು ಪಕ್ಕದವರೊಡನೆ ಸರಿಯಾಗಿ ಮಾತಾಡಿದ್ದರೆ ಮೂರರಿಂದ. ಆ ಪಕ್ಕದವರ ಫೋನ್ ನಂಬರು ಆಗ ಬಂಗಾರಕ್ಕಿಂತ ಹೆಚ್ಚು.

ಇಂಜೆಕ್ಷನ್‌ಗೆ ಮೊದಲು ಸಿ.ಟಿ. ಬೇಕೇ ಬೇಕು, ಏಕೆಂದರೆ ನಾಳ ಕಟ್ಟಿದರೂ ಒಡೆದರೂ ಹೊರಗೆ ಕಾಣುವುದು ಒಂದೇ ಲಕ್ವ. ಒಡೆದವರಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಮುಗಿಯಿತು. ಹೊಸ ರಕ್ತಸ್ರಾವ ಸಿ.ಟಿ.ಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಕಟ್ಟಿದ ನಾಳದ ಪರಿಣಾಮ ಮೊದಲ ಕೆಲವು ಗಂಟೆ ಏನೂ ಕಾಣದೆಯೂ ಇರಬಹುದು, ‘ಸಿ.ಟಿ. ನಾರ್ಮಲ್’ ಎಂದು ಮನೆಗೆ ಹೊರಟುಬಿಡಬಾರದು. ಇದೇ ಕಾರಣಕ್ಕೆ ಮನೆಯಲ್ಲಿ ಆಸ್ಪಿರಿನ್ ನುಂಗಿಸುವುದು ತಪ್ಪು. ಬಿಪಿ ಹೆಚ್ಚಿದೆ ಎಂದು ಇನ್ನೊಂದು ಮಾತ್ರೆ ಕೊಡುವುದೂ ತಪ್ಪು. ಕಾಯುತ್ತಿರುವ ವಲಯಕ್ಕೆ ಅಕ್ಕಪಕ್ಕದ ನಾಳಗಳಿಂದ ಅಷ್ಟಿಷ್ಟು ರಕ್ತ ನೂಕುತ್ತಿರುವುದೇ ಆ ಏರಿದ ಒತ್ತಡ. ಬಾಯಿಗೆ ನೀರು, ಕಾಫಿ ಬೇಡ, ನುಂಗುವ ಶಕ್ತಿ ಕೆಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಸಕ್ಕರೆ ಕಾಯಿಲೆಯವರಾದರೆ ಗ್ಲೂಕೋಮೀಟರಿನಲ್ಲಿ ಒಮ್ಮೆ ನೋಡಿ, ಶುಗರ್ ತೀರ ಇಳಿದಾಗಲೂ ಕೈಕಾಲು ಲಕ್ವದಂತೆ ಸೋಲುವುದುಂಟು. 108ಕ್ಕೆ ಫೋನ್ ಮಾಡಿ, ಹಗಲೂ ರಾತ್ರಿ ಸಿ.ಟಿ. ಇರುವ ಆಸ್ಪತ್ರೆಗೆ ನೇರ ಹೋಗಿ. ಗಲ್ಲಿಯ ಕ್ಲಿನಿಕ್ಕು, ಅಲ್ಲಿಂದ ನರ್ಸಿಂಗ್ ಹೋಮು, ಅಲ್ಲಿಂದ ಇನ್ನೊಂದು ಕಡೆ ಎಂದು ಅಲೆದರೆ ಮುಂಬಯಿಯ ಟ್ರಾಫಿಕ್ಕಿನಲ್ಲಿ ನಾಲ್ಕೂವರೆ ಗಂಟೆ ಕರಗಿಹೋಗುತ್ತದೆ.

ಮೈಯ ಭಾಗಗಳು ಮಿದುಳಿನ ಮೇಲೆ

1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಮೂರ್ಛೆರೋಗದ ಆಪರೇಷನ್ ಮಾಡುವಾಗ ರೋಗಿಯನ್ನು ಎಚ್ಚರವಾಗಿಯೇ ಇಟ್ಟು ಮಿದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ತು ಮುಟ್ಟಿಸಿ ನೋಡಿದರು. ಮಿದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲವಾದ್ದರಿಂದ ಇದು ಸಾಧ್ಯ. ಒಂದು ಬಿಂದುವಿಗೆ ಮುಟ್ಟಿಸಿದರೆ ಹೆಬ್ಬೆರಳು ಆಡಿತು, ಇನ್ನೊಂದಕ್ಕೆ ತುಟಿ. ಎರಡು ಕಿವಿಗಳನ್ನು ನೆತ್ತಿಯ ಮೇಲಿಂದ ಜೋಡಿಸುವ ಗೆರೆಯಲ್ಲಿ ಒಂದು ಪಟ್ಟಿ ಇದೆ ಎಂದುಕೊಳ್ಳಿ. ಅದರಲ್ಲಿ ಮೈಯೆಲ್ಲ ತಲೆಕೆಳಗಾಗಿ ಬಿಡಿಸಿದಂತಿದೆ: ಕಾಲು ಎರಡು ಅರ್ಧಗೋಳಗಳ ನಡುವಿನ ಬಿರುಕಿನೊಳಗೆ, ನೆತ್ತಿಯಿಂದ ಕೆಳಗಿಳಿದಂತೆ ಸೊಂಟ, ತೋಳು, ಕೈ, ಕಿವಿಯ ಸಮೀಪಕ್ಕೆ ಮುಖ ಮತ್ತು ನಾಲಿಗೆ. ಸೂಕ್ಷ್ಮ ಕೆಲಸದ ಕೈಗೂ ತುಟಿಗೂ ಸಿಕ್ಕಿರುವ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಹೆಚ್ಚು.

ಈಗ ಇದರ ಮೇಲೆ ರಕ್ತನಾಳಗಳನ್ನು ಇಟ್ಟು ನೋಡಿ. ನಡುವಿನ ಬಿರುಕಿನೊಳಗೆ ಸಾಗುವ ಮುಂದಿನ ನಾಳ ಕಾಲಿನ ಜಾಗಕ್ಕೆ ರಕ್ತ ಕೊಡುತ್ತದೆ. ಬದಿಯಲ್ಲಿ ಹರಡುವ ನಡು ನಾಳ, ರಿಪೋರ್ಟಿನಲ್ಲಿ ಎಂ.ಸಿ.ಎ. ಎಂದು ಬರೆಯುತ್ತಾರಲ್ಲ ಅದು, ಕೈ, ಮುಖ, ಮಾತಿನ ಜಾಗಗಳಿಗೆ. ಕಾಲಿಗಿಂತ ಕೈಯೂ ಬಾಯಿಯೂ ಹೆಚ್ಚು ಸೋತಿದ್ದರೆ ಎಂ.ಸಿ.ಎ.; ಕೈ ಚೆನ್ನಾಗಿದ್ದು ಕಾಲೊಂದೇ ಎಳೆಯುತ್ತಿದ್ದರೆ ಮುಂದಿನ ನಾಳ. ಮುಖ, ಕೈ, ಕಾಲು ಮೂರೂ ಒಂದೇ ಸಮನಾಗಿ ಬಿದ್ದು, ಮಾತಿನ ಅರ್ಥ ಮಾತ್ರ ಕೆಡದೆ ಉಳಿದಿದ್ದರೆ? ಆಗ ಕೆಟ್ಟಿರುವುದು ಮೇಲ್ಮೈ ಆಗಿರುವುದು ಕಡಿಮೆ. ಆ ಪಟ್ಟಿಯಿಂದ ಹೊರಟ ತಂತುಗಳೆಲ್ಲ ಒಳಗೆ ಇಂಟರ್ನಲ್ ಕ್ಯಾಪ್ಸೂಲ್ ಎಂಬ ಕಿರಿದಾದ ದಾರಿಯಲ್ಲಿ ಒತ್ತೊತ್ತಾಗಿ ಇಳಿಯುತ್ತವೆ. ಅಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕ ಗಾಯವಾದರೂ ಅರ್ಧ ಮೈ ಹೋಗುತ್ತದೆ. ಆ ಜಾಗದ ನಾಳಗಳು ಮಿಲಿಮೀಟರಿಗಿಂತ ತೆಳು. ವರ್ಷಗಟ್ಟಲೆ ಗಮನಿಸದೆ ಬಿಟ್ಟ ಬಿಪಿ ಅವುಗಳ ಗೋಡೆಯನ್ನು ಕೆಡಿಸುತ್ತದೆ. ಕೊನೆಗೆ ಕಟ್ಟಿಕೊಳ್ಳುತ್ತವೆ, ಇಲ್ಲವೇ ಒಡೆಯುತ್ತವೆ.

ಈ ತಂತುಗಳಲ್ಲಿ ಶೇಕಡಾ 80ರಿಂದ 90ರಷ್ಟು ಬುರುಡೆ ಕತ್ತಿಗೆ ಸೇರುವಲ್ಲಿ ಎಡದವು ಬಲಕ್ಕೆ, ಬಲದವು ಎಡಕ್ಕೆ ದಾಟುತ್ತವೆ. ಬಲಗೈ ಬಿದ್ದರೆ ಎಡ ಮಿದುಳನ್ನು ನೋಡುವುದು ಹೀಗಾಗಿ. ಹಣೆಯದೊಂದು ವಿಶೇಷ: ಹಣೆಯ ಸ್ನಾಯುಗಳಿಗೆ ಎರಡೂ ಕಡೆಯ ಮಿದುಳಿನಿಂದ ಆಜ್ಞೆ ಹೋಗುತ್ತದೆ. ಮಿದುಳಿನ ಲಕ್ವದಲ್ಲಿ ಬಾಯಿ ಸೊಟ್ಟಗಾದರೂ ಹುಬ್ಬು ಏರಿಸಿದಾಗ ಹಣೆಯ ಎರಡೂ ಬದಿ ಸುಕ್ಕುಗಟ್ಟುತ್ತದೆ. ಲೋಕಲ್ ಟ್ರೇನಿನ ಕಿಟಕಿಯ ಪಕ್ಕ ಕೂತು ‘ಗಾಳಿ ಹೊಡೆದದ್ದು’ ಎಂದು ಜನ ಹೇಳುವ, ಕಿವಿಯ ಹಿಂದಿನಿಂದ ಬರುವ ಮುಖದ ನರವೇ ಸೋತ ತೊಂದರೆಯಲ್ಲಿ ಆ ಬದಿಯ ಹಣೆಯೂ ನಯವಾಗಿಬಿಡುತ್ತದೆ, ಕಣ್ಣೂ ಪೂರ್ತಿ ಮುಚ್ಚುವುದಿಲ್ಲ. ಈ ವ್ಯತ್ಯಾಸವನ್ನು ಡಾಕ್ಟರಿಗೆ ಹೇಳಿ. ಮನೆಯಲ್ಲೇ ತೀರ್ಮಾನ ಮಾಡಿ ಕೂರಬೇಡಿ.

ಎಡ ಮಿದುಳಿನವರು ಲೆಕ್ಕಿಗರು, ಬಲ ಮಿದುಳಿನವರು ಕಲಾವಿದರು ಎಂಬ ವಾಟ್ಸಾಪ್ ವಿಜ್ಞಾನವನ್ನು ಪಕ್ಕಕ್ಕಿಡೋಣ. ಬಲ ಅರ್ಧಗೋಳದ ಹಿಂಬದಿಯ ಪೆರೈಟಲ್ ಹಾಲೆ ಎಂಬ ಪಾಲು ಕೆಟ್ಟಾಗ ಆಗುವುದು ಅದಕ್ಕಿಂತ ಸೋಜಿಗದ್ದು: ಎಡಭಾಗದ ಜಗತ್ತೇ ಗಮನದಿಂದ ಜಾರುತ್ತದೆ. ಕಣ್ಣು ನೆಟ್ಟಗಿರುತ್ತದೆ, ಆದರೂ ಬಾಳೆಲೆಯ ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಗೇ ಉಳಿಯುತ್ತವೆ. ಎಡಗೆನ್ನೆಯ ಗಡ್ಡ ಬೋಳಿಸುವುದಿಲ್ಲ. ಕೆಲವರು ಬಿದ್ದ ಎಡಗೈ ತಮ್ಮದೇ ಅಲ್ಲ ಎನ್ನುತ್ತಾರೆ, ತಮಗೆ ಏನೂ ಆಗಿಲ್ಲ ಎಂದು ವಾದಿಸುತ್ತಾರೆ. ಇದು ಹಟವೂ ಅಲ್ಲ, ಹುಚ್ಚೂ ಅಲ್ಲ. ಇಂಥವರನ್ನು ಮನೆಗೆ ಕರೆತಂದ ಮೇಲೆ ಹಾಸಿಗೆಯ ಎಡಬದಿಗೆ ಕೂತು ಮಾತಾಡಿಸುವುದು, ಎಡಕ್ಕೆ ತಿರುಗಿ ನೋಡಲು ಮತ್ತೆ ಮತ್ತೆ ನೆನಪಿಸುವುದು ಚಿಕಿತ್ಸೆಯ ಭಾಗವೇ. ರಸ್ತೆ ದಾಟಲು ಒಬ್ಬರನ್ನೇ ಬಿಡಬೇಡಿ.

ಹಿಂಬದಿಯ ಆಕ್ಸಿಪಿಟಲ್ ಹಾಲೆ ನೋಟದ್ದು. ಬಲಬದಿಯದು ಕೆಟ್ಟರೆ ಎರಡೂ ಕಣ್ಣುಗಳ ಎಡ ಅರ್ಧ ನೋಟ ಹೋಗುತ್ತದೆ. ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾ ಕನ್ನಡಕದ ಅಂಗಡಿಗೆ ಅಲೆಯುವವರಿದ್ದಾರೆ.

ಕಿರುಮಿದುಳಿನದು ಇದಕ್ಕೆ ತಿರುಗಾ: ಅದು ತನ್ನ ಬದಿಯ ಕೈಕಾಲನ್ನೇ ನೋಡಿಕೊಳ್ಳುತ್ತದೆ. ವಿರಾರ್ ಲೋಕಲಿನಲ್ಲಿ ಹಿಡಿಕೆ ಸಿಗದೆ ನಿಂತವರು ಬೀಳದಿರುವುದು ಅಂಗಾಲು, ಒಳಗಿವಿ, ಕಣ್ಣು ಮೂರರಿಂದ ಬರುವ ಸುದ್ದಿಯನ್ನು ಇದು ಕೂಡಿಸಿ ಸ್ನಾಯುಗಳನ್ನು ತಿದ್ದುತ್ತಿರುವುದರಿಂದ. ಇಲ್ಲಿ ರಕ್ತ ನಿಂತರೆ ಸಾಮಾನ್ಯವಾಗಿ ಕೈಕಾಲು ಬೀಳುವುದಿಲ್ಲ. ತಲೆ ಸುತ್ತು, ವಾಂತಿ, ಕುಡಿದವರಂತೆ ತೂರಾಟ. ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುವುದು ಹೀಗೇ. ಆಸರೆ ಇಲ್ಲದೆ ಕೂರಲೂ ಆಗದ ತಲೆಸುತ್ತು, ಜೊತೆಗೆ ಒಂದು ಎರಡಾಗಿ ಕಾಣುವುದು, ತೊದಲು, ನುಂಗಲಾಗದಿರುವುದು ಇದ್ದರೆ ಕಾಯಬೇಡಿ. ತಲೆಯ ಹಿಂಗೋಣೆ ಚಿಕ್ಕದು, ಸತ್ತ ಭಾಗ ಮೊದಲ ಕೆಲವು ದಿನ ಬಾತುಕೊಂಡು ಎದುರಿಗಿರುವ ಮಿದುಳಕಾಂಡವನ್ನು ಒತ್ತುತ್ತದೆ. ಉಸಿರಾಟ, ಎದೆಬಡಿತದ ಹತೋಟಿ ಇರುವುದು ಆ ಕಾಂಡದಲ್ಲಿ. ಕಾಂಡದ ನಡುವಿನ ಪಾನ್ಸ್ ಎಂಬ ಭಾಗದ ಮುಂಬದಿ ಎಡಬಲ ಎರಡೂ ಕಡೆ ಕೆಟ್ಟರೆ ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಬಡಿಯುವುದು ಬಿಟ್ಟು ಬೇರೇನೂ ಉಳಿಯದು. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ಮಂಚದ ಪಕ್ಕ ನಿಂತು ಆಸ್ತಿ ಪಾಲಿನ ಮಾತಾಡುವವರಿಗೆ ಇದು ತಿಳಿದಿರಲಿ.

ಆಳದ ಭಾಗಗಳ ಬಗ್ಗೆ ಚುಟುಕಾಗಿ ಹೇಳುವೆ. ಥೆಲಮಸ್, ವಾಸನೆಯೊಂದನ್ನು ಬಿಟ್ಟು ಉಳಿದ ಎಲ್ಲ ಸಂವೇದನೆಗಳೂ ಹೊರಪದರಕ್ಕೆ ಹೋಗುವ ಮೊದಲು ನಿಲ್ಲುವ ಜಾಗ. ಬೇಸಲ್ ಗ್ಯಾಂಗ್ಲಿಯಾ ಚಲನೆಯನ್ನು ಶುರುಮಾಡುವ, ತಡೆಯುವ ಹದ. ಅದಕ್ಕೆ ಡೋಪಮಿನ್ ಎಂಬ ರಾಸಾಯನಿಕ ಕಳಿಸುವ ಕಾಂಡದ ಕಪ್ಪು ಕೋಶಗಳು ಸವೆದರೆ ಪಾರ್ಕಿನ್ಸನ್ಸ್. ಹಿಪ್ಪೊಕ್ಯಾಂಪಸ್ ಹೊಸ ನೆನಪಿನದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಮೂರ್ಛೆರೋಗಕ್ಕೆಂದು ಎರಡೂ ಬದಿಯ ಆ ಭಾಗ ತೆಗೆದ ಮೇಲೆ, 2008ರಲ್ಲಿ ಸಾಯುವವರೆಗೂ ಹೊಸ ಘಟನೆ ಒಂದನ್ನೂ ಅವರು ನೆನಪಿಟ್ಟುಕೊಳ್ಳಲಿಲ್ಲ. ಹಳೆಯ ನೆನಪು, ಮಾತು, ಕೈಕೆಲಸ ಕಲಿಯುವ ಶಕ್ತಿ ಉಳಿದಿದ್ದವು.

ಫಿಟ್ಸ್ ವಿಷಯ ಬೇರೆ, ಅದು ಕೆಲಸ ನಿಲ್ಲುವುದಲ್ಲ, ಮಿತಿಮೀರುವುದು. ನರಕೋಶಗಳ ಒಂದು ಗುಂಪು ಒಟ್ಟಿಗೇ ವಿದ್ಯುತ್ತು ಹರಿಸತೊಡಗುತ್ತದೆ. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಮೂಗಿಗೆ ಚಪ್ಪಲಿ, ಈರುಳ್ಳಿ, ಮುಷ್ಟಿಗೆ ಕಬ್ಬಿಣದ ಕೀಲಿಕೈ ಎಲ್ಲವೂ ಬರುತ್ತವೆ. ಫಿಟ್ಸ್ ಹೆಚ್ಚಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುವುದು, ಹೆಸರು ಕೀಲಿಕೈಗೆ. ಅಂಚಿನಿಂದ ಈಚೆಗೆ ಸರಿಸಿ, ತಲೆಯಡಿ ಬ್ಯಾಗಿಡಿ, ಕುಲುಕಾಟ ನಿಂತ ಕೂಡಲೇ ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ ತುರ್ತು. ಸಂಬಂಧಿಕರಾದರೆ ಫೋನಿನಲ್ಲಿ ವಿಡಿಯೋ ತೆಗೆಯಿರಿ. ಮೊದಲು ಆಡಿದ್ದು ಹೆಬ್ಬೆರಳೇ, ಅಲ್ಲಿಂದ ತೋಳಿಗೆ, ಮುಖಕ್ಕೆ ಏರಿತೇ ಎಂಬುದರಿಂದ, ಪೆನ್‌ಫೀಲ್ಡ್ ಗುರುತಿಸಿದ ಆ ಪಟ್ಟಿಯ ಯಾವ ಬಿಂದುವಿನಲ್ಲಿ ಶುರುವಾಯಿತೆಂದು ನರತಜ್ಞರು ಹೇಳಬಲ್ಲರು. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಸಾಮಾನ್ಯ ಕಾರಣಗಳಲ್ಲೊಂದು ಲಾಡಿಹುಳದ ಮರಿ ಮಿದುಳಿನಲ್ಲಿ ಕೂರುವುದು. ಹಂದಿಮಾಂಸ ಮುಟ್ಟದ ಶುದ್ಧ ಸಸ್ಯಾಹಾರಿಗಳಿಗೂ ಬರುತ್ತದೆ, ಏಕೆಂದರೆ ಅದರ ಮೊಟ್ಟೆ ಒಳಸೇರುವುದು ಹುಳವಿರುವವರ ತೊಳೆಯದ ಕೈಯಿಂದ, ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದ.

ನಾಲ್ಕು ಭಾಷೆಯವರ ಮಾತು ನಿಂತಾಗ

ಬಲಗೈಯಲ್ಲಿ ಬರೆಯುವವರಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಜನರಿಗೆ ಮಾತಿನ ಕೇಂದ್ರಗಳು ಎಡ ಅರ್ಧಗೋಳದಲ್ಲಿ. ಎಡಚರಲ್ಲೂ ಸುಮಾರು 70ರಷ್ಟು ಜನರಿಗೆ ಎಡದಲ್ಲೇ. ಉಳಿದವರಿಗೆ ಬಲದಲ್ಲಿ ಅಥವಾ ಎರಡೂ ಕಡೆ. ಬರೆಯುವ ಕೈಯ ಪ್ರಶ್ನೆ ಇದಕ್ಕೆ.

1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, ‘ಟಾನ್’ ಎಂಬ ಒಂದೇ ಸದ್ದು ಉಳಿದಿದ್ದ ರೋಗಿಯ ಮಿದುಳನ್ನು ಸತ್ತ ಮೇಲೆ ತೆರೆದು ಹಣೆಯ ಹಿಂದಿರುವ ಎಡ ಫ್ರಾಂಟಲ್ ಹಾಲೆಯ ಕೆಳಭಾಗದಲ್ಲಿ ಗಾಯ ಕಂಡರು. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ, ಕಣತಲೆಯ ಒಳಗಿನ ಎಡ ಟೆಂಪೊರಲ್ ಹಾಲೆಯ ಹಿಂಬದಿ ಕೆಟ್ಟವರ ಬೇರೆಯೇ ಬಗೆಯ ತೊಂದರೆಯನ್ನು ವಿವರಿಸಿದರು. ಮೊದಲನೆಯ ಬಗೆಯವರಿಗೆ ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತದೆ, ಮಾತು ಹೊರಡದು: ‘ನೀರು... ಅಲ್ಲಿ... ಹೋಗು... ಮಗ’. ವಿಭಕ್ತಿ ಉದುರುತ್ತದೆ, ಕ್ರಿಯಾಪದದ ಕೊನೆ ತಪ್ಪುತ್ತದೆ. ತಪ್ಪುತ್ತಿದೆ ಎಂದು ಅವರಿಗೇ ಗೊತ್ತಾಗಿ ಅಳುತ್ತಾರೆ. ಎರಡನೆಯವರು ಸರಾಗವಾಗಿ, ಏರಿಳಿತದೊಂದಿಗೆ ಮಾತಾಡುತ್ತಲೇ ಹೋಗುತ್ತಾರೆ, ಅರ್ಥ ಇರುವುದಿಲ್ಲ. ಎದುರಿನವರ ಮಾತೂ ತಲೆಗೆ ಹೋಗುವುದಿಲ್ಲ. ಕೈಕಾಲು ಗಟ್ಟಿಯಾಗಿಯೇ ಇರುವುದರಿಂದ ಇವರನ್ನು ಲಕ್ವದವರೆಂದು ಯಾರೂ ಎಣಿಸುವುದಿಲ್ಲ. ತಲೆ ಕೆಟ್ಟಿದೆ ಎಂದೋ, ಏನೋ ಉಪದ್ರ ಇದೆ ಎಂದೋ ಹೇಳಿಸಲು ಹೋಗಿ ಗಂಟೆಗಳು ಕಳೆಯುತ್ತವೆ. ನಿನ್ನೆಯವರೆಗೆ ಸರಿಯಿದ್ದವರ ಮಾತು ಹಠಾತ್ತಾಗಿ ಅರ್ಥಗೆಟ್ಟರೆ ಅದು ಲಕ್ವವೆಂದೇ ತಿಳಿದು ಓಡಬೇಕು.

ಇವೆರಡರ ಹಿಂದೆ, ಕಿವಿಯ ಮೇಲ್ಭಾಗದ ಸಮೀಪ ಆಂಗ್ಯುಲರ್ ಜೈರಸ್ ಎಂಬ ಮಡಿಕೆ ಇದೆ. ಎಡಬದಿಯದು ಕೆಟ್ಟರೆ ಲೆಕ್ಕ ಹೋಗುತ್ತದೆ, ಬರವಣಿಗೆ ಹೋಗುತ್ತದೆ, ಎಡಬಲ ಗೊಂದಲವಾಗುತ್ತದೆ, ತನ್ನ ಬೆರಳು ಯಾವುದೆಂದು ಹೇಳಲಾಗದು. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು 137 ರೂಪಾಯಿಯ ಬಿಲ್ಲಿಗೆ 200ರ ನೋಟು ಹಿಡಿದು ಚಿಲ್ಲರೆ ಎಷ್ಟೆಂದು ತಿಳಿಯದೆ ಕೂತುಬಿಟ್ಟರೆ ದಣಿವು ಎಂದು ಸುಮ್ಮನಿರಬಾರದು.

ಈಗ ಭಾಷೆಯ ಪ್ರಶ್ನೆ. ಮುಂಬಯಿಯ ಕನ್ನಡಿಗರಲ್ಲಿ ಒಂದೇ ಭಾಷೆಯವರು ಸಿಗುವುದೇ ಕಷ್ಟ. ಹೆತ್ತವರೊಡನೆ ತುಳುವೋ ಕೊಂಕಣಿಯೋ, ಊರಿನ ಶಾಲೆಯಲ್ಲೋ ಇಲ್ಲಿನ ರಾತ್ರಿಶಾಲೆಯಲ್ಲೋ ಕಲಿತ ಕನ್ನಡ, ಗಿರಾಕಿಗಳೊಡನೆ ಹಿಂದಿ, ಪಾಲಿಕೆಯ ಕಚೇರಿಯಲ್ಲಿ ಮರಾಠಿ. ಇಂಥವರ ಎಡ ಮಿದುಳು ಕೆಟ್ಟಾಗ ಯಾವುದು ಉಳಿಯುತ್ತದೆ? ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೊ, ಮೊದಲು ಕಲಿತದ್ದು ಉಳಿಯುತ್ತದೆ ಎಂದರು. 1895ರಲ್ಲಿ ಅಲ್ಲಿನವರೇ ಆದ ಪಿತ್ರ್, ಕಾಯಿಲೆಯ ಹೊತ್ತಿಗೆ ಹೆಚ್ಚು ಬಳಸುತ್ತಿದ್ದದ್ದು ಮೊದಲು ಮರಳುತ್ತದೆ ಎಂದರು. ಇಬ್ಬರ ನಿಯಮವೂ ಎಲ್ಲರಿಗೂ ಒಪ್ಪುವುದಿಲ್ಲ. ಹೆಚ್ಚಿನವರಲ್ಲಿ ಎಲ್ಲ ಭಾಷೆಗಳೂ ಮೊದಲಿದ್ದ ಮಟ್ಟಕ್ಕೆ ತಕ್ಕಂತೆ ಒಟ್ಟಿಗೆ ಕೆಟ್ಟು ಒಟ್ಟಿಗೆ ಸುಧಾರಿಸುತ್ತವೆ. ಕೆಲವರಲ್ಲಿ ಒಂದೇ ಭಾಷೆ ಮರಳುತ್ತದೆ, ಕೆಲವರಲ್ಲಿ ಒಂದು ಸುಧಾರಿಸುತ್ತಿದ್ದಂತೆ ಇನ್ನೊಂದು ಹಿಂದೆ ಸರಿಯುತ್ತದೆ. ಭಾಷೆಗೊಂದರಂತೆ ಬೇರೆ ಬೇರೆ ಕೋಣೆಗಳಿಲ್ಲ; ಕೇಂದ್ರಗಳು ಬಹುಪಾಲು ಹಂಚಿಕೊಂಡವು, ಯಾವ ಭಾಷೆಯನ್ನು ಈಗ ತೆರೆಯಬೇಕು, ಯಾವುದನ್ನು ತಡೆಯಬೇಕು ಎಂಬ ಹತೋಟಿ ಫ್ರಾಂಟಲ್ ಹಾಲೆ ಮತ್ತು ಬೇಸಲ್ ಗ್ಯಾಂಗ್ಲಿಯಾದ್ದು. ಅದು ಕೆಟ್ಟವರು ಹಿಂದಿ ಮಾತ್ರ ಬಲ್ಲ ನರ್ಸಿಗೆ ತುಳುವಿನಲ್ಲಿ ಉತ್ತರ ಕೊಡುತ್ತಲೇ ಇರುತ್ತಾರೆ.

ಹೈದರಾಬಾದಿನಲ್ಲಿ 608 ಮಂದಿ ಲಕ್ವದ ರೋಗಿಗಳನ್ನು ನೋಡಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ವದ ನಂತರವೂ ಬುದ್ಧಿಶಕ್ತಿ ಮಾಮೂಲಾಗಿ ಉಳಿದವರು ಎರಡು ಅಥವಾ ಹೆಚ್ಚು ಭಾಷೆಯವರಲ್ಲಿ ಶೇಕಡಾ 40.5, ಒಂದೇ ಭಾಷೆಯವರಲ್ಲಿ 19.6. ಆದರೆ ಮಾತು ಕೆಡುವ ಪ್ರಮಾಣದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ಭಾಷೆ ಬಲ್ಲೆವೆಂದು ಮಾತು ಉಳಿದೀತೆಂಬ ಭರವಸೆಯಿಲ್ಲ.

ವಾರ್ಡಿನಲ್ಲಿ ನಡೆಯುವ ಎಡವಟ್ಟು ಹೀಗೆ. ಡಾಕ್ಟರು ಹಿಂದಿಯಲ್ಲಿ ಕಣ್ಣು ಮುಚ್ಚಿ ಎನ್ನುತ್ತಾರೆ, ರೋಗಿ ಸುಮ್ಮನಿರುತ್ತಾರೆ, ‘ಅರ್ಥವಾಗುತ್ತಿಲ್ಲ’ ಎಂದು ಬರೆಯಲಾಗುತ್ತದೆ. ಹಿಂದಿಯನ್ನು ಐವತ್ತರ ವಯಸ್ಸಿನಲ್ಲಿ ಮಗನ ಮನೆಗೆ ಬಂದ ಮೇಲೆ ಕಲಿತ ಅಜ್ಜಿಗೆ ಇದು ಪರೀಕ್ಷೆಯೇ ಅಲ್ಲ. ಮೊಮ್ಮಕ್ಕಳನ್ನು ದುಭಾಷಿ ಮಾಡಿದರೆ ಅವರಿಗೆ ತುಳು ತಿಳಿಯುತ್ತದೆ, ಆಡಲು ಬಾರದು. ಇದರ ತಿರುಗಾ ಮುರುಗಾವೂ ಉಂಟು: ಮನೆಯವರು ಕಣ್ಣು ಮುಚ್ಚಿ ಎನ್ನುತ್ತಾ ತಾವೇ ಮುಚ್ಚಿ ತೋರಿಸುತ್ತಾರೆ, ರೋಗಿ ನೋಡಿ ಮಾಡಿದ್ದನ್ನು ಮಾತು ಅರ್ಥವಾಯಿತೆಂದು ಎಣಿಸುತ್ತಾರೆ. ಕೈ, ಮುಖ ಆಡಿಸದೆ, ಒಂದೊಂದು ಭಾಷೆಯಲ್ಲೂ ಬೇರೆ ಬೇರೆಯಾಗಿ ನೋಡಬೇಕು: ಸರಳ ಆಜ್ಞೆ ಪಾಲಿಸುವುದು, ಚಮಚ ಕೀಲಿಕೈ ತೋರಿಸಿ ಹೆಸರು ಕೇಳುವುದು, ಹೇಳಿದ ವಾಕ್ಯ ಮರಳಿ ಹೇಳಿಸುವುದು, ಓದು, ಬರಹ. ಒಂದು ಹಾಳೆಯಲ್ಲಿ ಪ್ರತಿ ಭಾಷೆಯ ಎದುರು ಎಷ್ಟನೆಯ ವಯಸ್ಸಿನಲ್ಲಿ ಕಲಿತದ್ದು, ಈಗ ಯಾರೊಡನೆ, ದಿನಕ್ಕೆ ಸುಮಾರು ಎಷ್ಟು ಹೊತ್ತು, ಓದಲು ಬರೆಯಲು ಬರುತ್ತಿತ್ತೇ ಎಂದು ಬರೆದು ಫೈಲಿಗೆ ಸೇರಿಸಿ. ಮೊದಲೇ ಓದು ಬಾರದವರಿಗೆ ‘ಓದು ಹೋಗಿದೆ’ ಎಂಬ ರಿಪೋರ್ಟು ಬರುವುದು ಇದರಿಂದ ತಪ್ಪುತ್ತದೆ.

ಒಂದರಿಂದ ಹತ್ತು, ವಾರದ ಹೆಸರು, ಬೈಗುಳ, ಭಜನೆ ಇವು ಹಲವರಲ್ಲಿ ಉಳಿಯುತ್ತವೆ. ‘ನೀರು’ ಎನ್ನಲಾಗದವರು ದಾಸರ ಪದದ ಎರಡು ಸಾಲನ್ನು ರಾಗವಾಗಿ ಹೇಳಿಬಿಟ್ಟರೆ ಸೊಸೆಯಂದಿರು ನಾಟಕ ಎಂದುಕೊಳ್ಳುತ್ತಾರೆ. ರೂಢಿಯಾದ ಸಾಲುಗಳಿಗೂ ಹಾಡಿಗೂ ಬಲ ಅರ್ಧಗೋಳದ ನೆರವಿದೆ. ಹೊಸ ವಾಕ್ಯ ಕಟ್ಟಲು ಎಡವೇ ಬೇಕು. ಈ ಉಳಿದ ರಾಗವನ್ನೇ ಹಿಡಿದು ಬೇಕಾದ ಪದವನ್ನು ರಾಗವಾಗಿ ಹೇಳಿಸಿ, ಎಡಗೈಯಿಂದ ತಾಳ ಹಾಕಿಸಿ, ನಿಧಾನವಾಗಿ ಮಾತಿಗೆ ಇಳಿಸುವ ಚಿಕಿತ್ಸಾಕ್ರಮವೊಂದು 1970ರ ದಶಕದಿಂದ ಬಳಕೆಯಲ್ಲಿದೆ.

ವಾಕ್‌ಚಿಕಿತ್ಸೆಗೆ ಬಾಂದ್ರಾ ರಿಕ್ಲಮೇಶನ್‌ನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಕನ್ನಡದಲ್ಲೇ ಬೇಕೆಂದರೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಚೇತರಿಕೆ ವೇಗವಾಗಿರುವುದು ಮೊದಲ ಮೂರು ತಿಂಗಳು, ಆಮೇಲೂ ವರ್ಷಗಟ್ಟಲೆ ಅಷ್ಟಿಷ್ಟು ನಡೆಯುತ್ತದೆ. ಡಿಸ್ಚಾರ್ಜ್ ಆಗಿ ಊರಿಗೆ ಕಳಿಸಿ ಆ ಮೂರು ತಿಂಗಳನ್ನು ಕಳೆದುಕೊಳ್ಳುವವರೇ ಹೆಚ್ಚು. ಅಭ್ಯಾಸದ ಭಾಷೆ ಮುಂದೆ ಅವರು ಯಾರ ಜೊತೆ ದಿನ ಕಳೆಯುತ್ತಾರೋ ಅವರದ್ದಾಗಿರಲಿ. ಟಿವಿ ಆರಿಸಿ, ಒಬ್ಬರೇ ಮಾತಾಡಿ, ಒಂದು ವಾಕ್ಯಕ್ಕೆ ಒಂದೇ ವಿಷಯ. ‘ಏನು ಬೇಕು?’ ಎನ್ನುವ ಬದಲು ಎರಡು ವಸ್ತು ತೋರಿಸಿ ‘ಚಹಾವೋ ಕಾಫಿಯೋ?’ ಎಂದು ಕೇಳಿ. ಉತ್ತರಕ್ಕೆ ಹತ್ತು ಸೆಕೆಂಡಾದರೂ ಕಾಯಿರಿ, ಆಮೇಲೆ ಮೊದಲ ಅಕ್ಷರ ಮಾತ್ರ ಹೇಳಿ: ‘ಕಾ...’. ಎಷ್ಟೋ ಸಲ ಉಳಿದದ್ದು ತಾನೇ ಬರುತ್ತದೆ. ಪದ ಬೇರೆ ಭಾಷೆಯಲ್ಲಿ ಬಂದರೆ ತಿದ್ದಬೇಡಿ; ಹಾಳೆಯಲ್ಲಿ ಆ ಭಾಷೆಯ ಎದುರು ಗುರುತು ಹಾಕಿ, ಮುಂದಿನ ಸಲ ಚಿಕಿತ್ಸಕರಿಗೆ ತೋರಿಸಿ.